ನೌಕರಿ ಬಿಡದೆ ಸೇನಾಧಿಕಾರಿ: ಸಂದರ್ಶನಕ್ಕೆ ಮೊದಲು ಮನೆಯಲ್ಲಿ ಆಗಬೇಕಾದ ಮಾತು

ಮೂವತ್ತು ದಾಟಿದ ಮೇಲೆ ಸೇನಾಧಿಕಾರಿಯಾಗುವ ಬಾಗಿಲು ಮುಚ್ಚಿತು ಎಂದು ನಂಬಿಕೊಂಡವರು ನಮ್ಮಲ್ಲಿ ಬಹಳ ಮಂದಿ. ಎನ್‌ಡಿಎ ಪರೀಕ್ಷೆಯ ಹೆಸರು ಕಿವಿಗೆ ಬೀಳುವ ಹೊತ್ತಿಗೆ ಪಿಯುಸಿ ಮುಗಿದಿರುತ್ತದೆ. ಸಿಡಿಎಸ್ ಬರೆಯೋಣ ಅನ್ನುವಷ್ಟರಲ್ಲಿ ಕೆಲಸ ಸಿಕ್ಕಿರುತ್ತದೆ. ಆಮೇಲೆ ಮದುವೆ, ಮನೆ ಸಾಲ, ಮಕ್ಕಳ ಶಾಲೆ ಒಂದರ ಹಿಂದೊಂದು ಬರುತ್ತವೆ. ಆಸೆ ಮಾತ್ರ ಎಲ್ಲೋ ಒಂದು ಕಡೆ ಹಾಗೇ ಉಳಿದಿರುತ್ತದೆ. ಅಂಥವರಿಗೆಂದೇ ಇರುವ ದಾರಿ ಟೆರಿಟೋರಿಯಲ್ ಆರ್ಮಿ, ನಮ್ಮ ಪತ್ರಿಕೆಗಳು ಪ್ರಾದೇಶಿಕ ಸೇನೆ ಎಂದು ಬರೆಯುವ ಪಡೆ. ವಯಸ್ಸು 18ರಿಂದ 42ರೊಳಗಿರಬೇಕು, ಪದವಿ ಮುಗಿದಿರಬೇಕು, ದೇಹ ಗಟ್ಟಿಯಾಗಿರಬೇಕು. ಇದೆಲ್ಲದರ ಜೊತೆಗೆ, ಈಗಾಗಲೇ ಒಂದು ದುಡಿಮೆ ಇರಬೇಕು. ಎಂಜಿನಿಯರ್, ವಕೀಲ, ಬ್ಯಾಂಕ್ ನೌಕರ, ಅಂಗಡಿ ಇಟ್ಟವರು, ತೋಟ ಮಾಡುವವರು, ಯಾರೇ ಆಗಬಹುದು. ಸಂಪಾದನೆಯೇ ಇಲ್ಲದವರಿಗೆ ಅಲ್ಲಿ ಜಾಗವಿಲ್ಲ.

ಅಧಿಸೂಚನೆ ಹೊರಬಿದ್ದಾಗೆಲ್ಲ ಆಸಕ್ತರು ಕೇಳುವ ಮೊದಲ ಪ್ರಶ್ನೆ ಯಾವ ಪುಸ್ತಕ ಓದಬೇಕು ಎಂಬುದು. ನನ್ನನ್ನು ಕೇಳಿದರೆ ಮೊದಲು ಎದುರಿಸಬೇಕಾದ ಪ್ರಶ್ನೆ ಬೇರೆ. ವರ್ಷಕ್ಕೆ ಎರಡು ತಿಂಗಳು ನಾನಿಲ್ಲದಿದ್ದರೆ ನನ್ನ ಮನೆ, ನನ್ನ ಕಚೇರಿ ಹೇಗೆ ನಡೆಯುತ್ತದೆ? ಈ ಸಂದರ್ಶನದ ನಿಜವಾದ ತಯಾರಿ ಶುರುವಾಗುವುದು ಅಲ್ಲಿಂದ.

ಯಾಕೆ ಎಂದು ತಿಳಿಯಲು ಈ ಪಡೆಯ ಸ್ವಭಾವ ಸ್ವಲ್ಪ ಗೊತ್ತಿರಬೇಕು. ಟೆರಿಟೋರಿಯಲ್ ಆರ್ಮಿ ಕಾಯ್ದೆ ಬಂದದ್ದು 1948ರಲ್ಲಿ. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಾಜಿ ಪಡೆಯನ್ನು ಉದ್ಘಾಟಿಸಿದರು. ಆಗ ಭೂಸೇನೆಯ ಮಹಾದಂಡನಾಯಕರಾಗಿದ್ದವರು ನಮ್ಮ ಕೊಡಗಿನ ಕಾರ್ಯಪ್ಪ. ನಾಗರಿಕ ತನ್ನ ಕಸುಬು ಬಿಡದೆ ಸೈನಿಕನೂ ಆಗಿರಬೇಕು, ದೇಶಕ್ಕೆ ಬೇಕಾದಾಗ ಸಮವಸ್ತ್ರ ತೊಟ್ಟು ಬರಬೇಕು ಎಂಬುದು ಅದರ ಮೂಲ ಕಲ್ಪನೆ. ಅಧಿಕಾರಿಯಾಗಿ ಆಯ್ಕೆಯಾದವರು ಲೆಫ್ಟಿನೆಂಟ್ ಆಗಿ ಸೇರುತ್ತಾರೆ. ಮೊದಲ ವರ್ಷ ಒಂದು ತಿಂಗಳ ಮೂಲ ತರಬೇತಿ, ಪ್ರತಿ ವರ್ಷವೂ ಎರಡು ತಿಂಗಳ ವಾರ್ಷಿಕ ಶಿಬಿರ, ಮೊದಲ ಎರಡು ವರ್ಷದೊಳಗೆ ಡೆಹ್ರಾಡೂನ್‌ನ ಭಾರತೀಯ ಸೇನಾ ಅಕಾಡೆಮಿಯಲ್ಲಿ ಮೂರು ತಿಂಗಳ ತರಬೇತಿ. ಸಮವಸ್ತ್ರದಲ್ಲಿರುವಷ್ಟು ದಿನ ಕಾಯಂ ಸೇನೆಯ ಅಧಿಕಾರಿಗೆ ಸಿಗುವ ಸಂಬಳ, ಭತ್ಯೆ ಇವರಿಗೂ ಉಂಟು. ಶಿಬಿರ ಮುಗಿದ ಮೇಲೆ ಮತ್ತೆ ತಮ್ಮ ತಮ್ಮ ಕೆಲಸಕ್ಕೆ. ಇದನ್ನು ಜೀವನೋಪಾಯ ಎಂದು ಭಾವಿಸಬೇಡಿ ಎಂದು ಅಧಿಸೂಚನೆಯೇ ಸ್ಪಷ್ಟವಾಗಿ ಹೇಳುತ್ತದೆ.

ವರ್ಷಕ್ಕೆ ಎರಡೇ ತಿಂಗಳು ಎಂದು ಹಗುರಾಗುವಂತೆಯೂ ಇಲ್ಲ. 1962, 1965, 1971ರ ಯುದ್ಧಗಳಲ್ಲಿ ಈ ಪಡೆಯ ತುಕಡಿಗಳು ದುಡಿದಿವೆ. 2025ರ ಮೇ ತಿಂಗಳಲ್ಲಿ, ಆಪರೇಷನ್ ಸಿಂಧೂರದ ದಿನಗಳಲ್ಲಿ, ಟೆರಿಟೋರಿಯಲ್ ಆರ್ಮಿಯ ಯಾವುದೇ ಅಧಿಕಾರಿಯನ್ನು, ಸೈನಿಕನನ್ನು ಸೇವೆಗೆ ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಭೂಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇದ್ದ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ನಿಯೋಜಿಸಲು ಅನುಮತಿಯನ್ನೂ ಕೊಟ್ಟಿತು. ಹಾಗಾಗಿ ಸಂದರ್ಶನ ಮಂಡಳಿಯ ಮುಂದೆ ಕೂತಾಗ ‘ನಾಳೆ ಕರೆ ಬಂದರೆ?’ ಎಂಬ ಪ್ರಶ್ನೆಯನ್ನು ಯಾರೂ ಮಾತಿಗೆ ಕೇಳುವುದಿಲ್ಲ.

ಆಯ್ಕೆಯಲ್ಲಿ ಮೊದಲ ಮೆಟ್ಟಿಲು ಲಿಖಿತ ಪರೀಕ್ಷೆ. ತಾರ್ಕಿಕ ಪ್ರಶ್ನೆಗಳು, ಸರಳ ಗಣಿತ, ಸಾಮಾನ್ಯ ಜ್ಞಾನ, ಇಂಗ್ಲಿಷ್ ಇರುತ್ತವೆ. ಬ್ಯಾಂಕ್ ಪರೀಕ್ಷೆಗೋ ಕೆಎಎಸ್‌ಗೋ ಒಮ್ಮೆ ಕೂತವರಿಗೆ ಇದು ಹೊಸ ಲೋಕವೇನಲ್ಲ. ಹಳೆಯ ಪ್ರಶ್ನೆಪತ್ರಿಕೆ ಹಿಡಿದು ನಿಯಮಿತವಾಗಿ ಅಭ್ಯಾಸ ಮಾಡಿದರೆ ಸಾಕು, ಇದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಎರಡನೆಯದು ಪ್ರಾಥಮಿಕ ಸಂದರ್ಶನ ಮಂಡಳಿ, ಅಭ್ಯರ್ಥಿಗಳ ಬಾಯಲ್ಲಿ ಪಿಐಬಿ. ಕಾಯಂ ಸೇನೆಗೆ ಹೋಗುವ ಹುಡುಗರಿಗೆ ಇಂಥದೊಂದು ಹಂತ ಇಲ್ಲ. ಕರ್ನಾಟಕ ಬರುವುದು ಪುಣೆಯ ದಕ್ಷಿಣ ಕಮಾಂಡಿನ ವ್ಯಾಪ್ತಿಗೆ, ಅಲ್ಲಿನ ಟೆರಿಟೋರಿಯಲ್ ಆರ್ಮಿ ಗ್ರೂಪ್ ಕೇಂದ್ರ ಕಚೇರಿಯ ಹೊಣೆ ಇದು. ಮೇಜಿನ ಆಚೆ ಇರುವ ಹಿರಿಯ ಅಧಿಕಾರಿಗಳು ತಿಳಿಯಬಯಸುವುದು ಮುಖ್ಯವಾಗಿ ಇಷ್ಟು: ಈ ಮನುಷ್ಯ ಯಾಕೆ ಬಂದಿದ್ದಾನೆ, ನಿಜಕ್ಕೂ ಬರಬಲ್ಲನೇ, ಬಂದರೆ ಉಳಿಯುತ್ತಾನೆಯೇ?

ಮೊದಲನೆಯದಕ್ಕೆ ‘ದೇಶಸೇವೆ’ ಎಂಬ ಒಂದೇ ಪದದ ಉತ್ತರ ಕೊಟ್ಟು ಸುಮ್ಮನಾಗುವವರು ಹೆಚ್ಚು. ಆ ಉತ್ತರ ಸುಳ್ಳಲ್ಲ, ಆದರೆ ಕೇಳುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಮೂವತ್ತೈದು ವರ್ಷದ ಬದುಕಿನಲ್ಲಿ ಆ ಆಸೆಗೆ ಗುರುತು ಎಲ್ಲಿದೆ ಎಂದು ಅವರು ಹುಡುಕುತ್ತಾರೆ. ಕಾಲೇಜಿನಲ್ಲಿ ಎನ್‌ಸಿಸಿ ಇತ್ತೇ? 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ನೆರೆ ಬಂದಾಗ ನೀವು ಏನಾದರೂ ಮಾಡಿದ್ದಿರಾ? ರಕ್ತದಾನ, ಊರಿನ ಕೆರೆಯ ಕೆಲಸ, ಕಚೇರಿಯಲ್ಲಿ ಯಾರೂ ಒಪ್ಪದ ಜವಾಬ್ದಾರಿ? ದೊಡ್ಡದೇ ಆಗಬೇಕೆಂದಿಲ್ಲ. ಆದರೆ ಏನೂ ಇಲ್ಲದೆ ಬಾಯಿಮಾತಿನ ದೇಶಭಕ್ತಿ ಒಂದನ್ನೇ ಹಿಡಿದು ಹೋದವರ ಕಥೆ ಎರಡನೆಯ ಪ್ರಶ್ನೆಗೇ ಮುಗಿಯುತ್ತದೆ.

ಬರಬಲ್ಲಿರಾ ಎಂಬುದು ಇನ್ನೂ ಕಠಿಣ. ನಿಮ್ಮ ಸಂಸ್ಥೆಯಲ್ಲಿ ನಿಮ್ಮ ಕೆಳಗೆ ಎಷ್ಟು ಜನ, ನೀವಿಲ್ಲದಾಗ ಯಾರು ನೋಡಿಕೊಳ್ಳುತ್ತಾರೆ, ಮೇಲಧಿಕಾರಿಗೆ ಹೇಳಿದ್ದೀರಾ, ಅವರು ಏನೆಂದರು? ಸರ್ಕಾರಿ ನೌಕರರು ಇಲಾಖೆಯ ನಿರಾಕ್ಷೇಪಣಾ ಪತ್ರ ತರಬೇಕಾಗುತ್ತದೆ. ಕಾಗದ ಸಿಕ್ಕಿತೆಂದು ವಿಷಯ ಮುಗಿಯಿತು ಎಂದುಕೊಳ್ಳಬಾರದು. ಮಾರ್ಚ್ ತಿಂಗಳ ಲೆಕ್ಕಪತ್ರದ ಹೊತ್ತಿನಲ್ಲಿ ಶಿಬಿರ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ‘ಹೇಗೋ ಆಗುತ್ತದೆ’ ಎಂದವರಿಗಿಂತ, ಸಹೋದ್ಯೋಗಿಯೊಬ್ಬರಿಗೆ ಈಗಿನಿಂದಲೇ ಆ ಕೆಲಸ ಕಲಿಸುತ್ತಿದ್ದೇನೆ ಎಂದವರ ಮಾತಿಗೆ ತೂಕ ಹೆಚ್ಚು. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿಲ್ಲ. ಸೇವೆಗೆ ಕರೆಸಿಕೊಂಡ ನೌಕರನನ್ನು ಮರಳಿ ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಹೊಣೆಯನ್ನು 1948ರ ಕಾಯ್ದೆಯೇ ಮಾಲೀಕರ ಮೇಲೆ ಹೊರಿಸಿದೆ. ಆ ಭಾಗವನ್ನು ಓದಿಕೊಂಡು ಮೊದಲು ನಿಮ್ಮ ಕಚೇರಿಯ ಮಾನವ ಸಂಪನ್ಮೂಲ ವಿಭಾಗದ ಜೊತೆ ಮಾತಾಡಿ. ಪುಣೆಯಲ್ಲಿ ಉತ್ತರ ಕೊಡುವ ಮೊದಲು ಆ ಉತ್ತರವನ್ನು ನಿಮ್ಮೂರಿನಲ್ಲೇ ಸಂಪಾದಿಸಿಕೊಂಡಿರಬೇಕು.

ಮನೆಯ ಮಾತೂ ಹಾಗೆಯೇ. ಗಂಡನೋ ಹೆಂಡತಿಯೋ ಏನೆನ್ನುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ‘ಅವರಿಗೆ ಇನ್ನೂ ಹೇಳಿಲ್ಲ, ಆಯ್ಕೆಯಾದ ಮೇಲೆ ಹೇಳೋಣ ಅಂತ’ ಎಂಬ ಉತ್ತರ ಎಷ್ಟು ಪ್ರಾಮಾಣಿಕವಾದರೂ ಅಧಿಕಾರಿಯಾಗುವವರ ಬಾಯಲ್ಲಿ ಬರಬಾರದು. ಅಪ್ಪನ ಔಷಧಿ, ಮಗಳ ಪರೀಕ್ಷೆ, ಸಾಲದ ಕಂತು, ಇವನ್ನೆಲ್ಲ ಮುಂದಿಟ್ಟುಕೊಂಡು ಒಂದು ಸಂಜೆ ಕೂತು ಮಾತಾಡಿದ ಕುಟುಂಬದ ಅಭ್ಯರ್ಥಿಯ ದನಿಯೇ ಬೇರೆ ಇರುತ್ತದೆ.

ಇಷ್ಟು ದಾಟಿದವರಿಗೆ ಮುಂದಿನದು ಸರ್ವಿಸಸ್ ಸೆಲೆಕ್ಷನ್ ಬೋರ್ಡ್, ಎಲ್ಲರೂ ಹೇಳುವ ಎಸ್‌ಎಸ್‌ಬಿ. ಭೂಸೇನೆಯ ಇಂಥ ಆಯ್ಕೆ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ಕಬ್ಬನ್ ರಸ್ತೆಯಲ್ಲೇ ಇದೆ. ಪ್ರಯಾಗ್‌ರಾಜ್, ಭೋಪಾಲ್, ಜಲಂಧರ್‌ನಲ್ಲೂ ಇವೆ. ಐದು ದಿನದ ಈ ಪದ್ಧತಿ ಹುಟ್ಟಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಮನೆತನ, ಶಾಲೆ, ಮಾತಿನ ಠೀವಿ ನೋಡಿ ಹತ್ತು ನಿಮಿಷದ ಸಂದರ್ಶನದಲ್ಲಿ ಆರಿಸಿದವರು ತರಬೇತಿಯಲ್ಲೇ ಸೋತು ಮರಳತೊಡಗಿದಾಗ ಬ್ರಿಟಿಷ್ ಸೇನೆ 1942ರಲ್ಲಿ ಮನೋವಿಜ್ಞಾನಿಗಳನ್ನು ಕರೆಸಿತು. ನಾಯಕನೇ ಇಲ್ಲದ ಗುಂಪಿಗೆ ಒಂದು ಕೆಲಸ ಕೊಟ್ಟು, ಯಾರು ಹೇಗೆ ನಡೆದುಕೊಳ್ಳುತ್ತಾರೆ ನೋಡೋಣ ಎಂಬ ವಿಚಾರ ಮನೋವೈದ್ಯ ವಿಲ್ಫ್ರೆಡ್ ಬಯಾನ್ ಅವರದು. ಮರುವರ್ಷ ಅದೇ ಮಾದರಿಯ ಮಂಡಳಿ ಡೆಹ್ರಾಡೂನ್‌ನಲ್ಲಿ ಶುರುವಾಯಿತು. ಒಂದೇ ಗಳಿಗೆಯ ನಟನೆ ಐದು ದಿನ ಬಾಳುವುದಿಲ್ಲ ಎಂಬ ಆ ಹಳೆಯ ಅರಿವಿನ ಮೇಲೆಯೇ ಇಂದಿಗೂ ಎಸ್‌ಎಸ್‌ಬಿ ನಿಂತಿದೆ.

ಅಲ್ಲಿ ಒಬ್ಬರನ್ನೊಬ್ಬರು ಕೇಳದೆ ಮೂವರು ನಿಮ್ಮನ್ನು ಅಳೆಯುತ್ತಾರೆ. ಮನೋವಿಜ್ಞಾನಿ ನಿಮ್ಮ ಮುಖ ನೋಡದೆ ಬರಹ ಮಾತ್ರ ಓದುತ್ತಾರೆ. ಗುಂಪು ಪರೀಕ್ಷಾಧಿಕಾರಿ ಮೈದಾನದಲ್ಲಿ ನೋಡುತ್ತಾರೆ. ಸಂದರ್ಶಕ ಅಧಿಕಾರಿ ಮಾತಾಡಿಸುತ್ತಾರೆ. ಮನಸಾ, ಕರ್ಮಣಾ, ವಾಚಾ ಎಂದು ಅಭ್ಯರ್ಥಿಗಳು ಹೇಳಿಕೊಳ್ಳುವುದು ಇದನ್ನೇ. ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಮೊದಲ ದಿನದ ಜರಡಿಯನ್ನು ಹತ್ತಿರದಿಂದ ನೋಡೋಣ. ತಾರ್ಕಿಕ ಪ್ರಶ್ನೆಗಳಾದ ಮೇಲೆ ಪರದೆಯ ಮೇಲೆ ಮಸುಕಾದ ಚಿತ್ರವೊಂದು ಮೂವತ್ತು ಸೆಕೆಂಡು ನಿಲ್ಲುತ್ತದೆ. ಒಬ್ಬ ಕೂತಿರುವಂತೆ, ಇನ್ನಿಬ್ಬರು ನಿಂತಿರುವಂತೆ, ಹಿಂದೆ ಮರವೋ ಕಂಬವೋ. ಎಷ್ಟು ಜನ, ಗಂಡೋ ಹೆಣ್ಣೋ, ವಯಸ್ಸೆಷ್ಟು, ಮುಖದಲ್ಲಿ ಏನು ಭಾವ ಎಂದು ಗುರುತು ಹಾಕಲು ಒಂದು ನಿಮಿಷ. ಕಥೆ ಬರೆಯಲು ನಾಲ್ಕು. ಆಮೇಲೆ ಎದೆಯ ಮೇಲೆ ಸಂಖ್ಯೆ ಕಟ್ಟಿಕೊಂಡ ಹತ್ತು ಹದಿನೈದು ಜನ ಅರ್ಧವೃತ್ತದಲ್ಲಿ ಕೂತು ತಮ್ಮ ತಮ್ಮ ಕಥೆ ಹೇಳಿ, ಎಲ್ಲರೂ ಸೇರಿ ಒಂದೇ ಕಥೆಗೆ ಬರಬೇಕು. ಆ ಹೊತ್ತಿಗೆ ಕೋಣೆ ಮೀನು ಮಾರುಕಟ್ಟೆಯಾಗುತ್ತದೆ. ಎಲ್ಲರೂ ಒಟ್ಟಿಗೆ ಕೂಗುತ್ತಾರೆ. ಅಲ್ಲಿ ಗಂಟಲು ದೊಡ್ಡದಿದ್ದವರು ಗೆಲ್ಲುತ್ತಾರೆ ಎಂಬುದು ತಪ್ಪು ನಂಬಿಕೆ. ಎರಡೂ ಬದಿಯ ಮಾತು ಕೇಳಿಸಿಕೊಂಡು, ‘ಏಳನೇ ನಂಬರಿನವರು ಹೇಳಿದ ಪ್ರವಾಹದ ಕಥೆಗೆ ಹತ್ತನೆಯವರ ವೈದ್ಯೆಯ ಪಾತ್ರ ಸೇರಿಸಿದರೆ ಎಲ್ಲರಿಗೂ ಒಪ್ಪಿಗೆಯೇ?’ ಎಂದು ಎರಡು ವಾಕ್ಯ ಹೇಳಿದವರನ್ನು ಪರೀಕ್ಷಕರು ಗಮನಿಸುತ್ತಾರೆ. ಹತ್ತು ವರ್ಷ ಕಚೇರಿಯ ಸಭೆಗಳಲ್ಲಿ ಕೂತ, ಸಂಘದ ಜಗಳ ಬಿಡಿಸಿದ ಅಭ್ಯರ್ಥಿಗೆ ಇಪ್ಪತ್ತರ ಹುಡುಗನಿಗಿಲ್ಲದ ಅನುಕೂಲ ಇಲ್ಲಿದೆ. ಅದನ್ನು ಬಳಸಿಕೊಳ್ಳದೆ ಹುಡುಗರ ಹಾಗೆ ಕೂಗಲು ಹೋಗುವುದು ನೋಡಿದರೆ ಬೇಸರವಾಗುತ್ತದೆ. ಇದರಲ್ಲಿ ಉಳಿಯದವರು ಅದೇ ದಿನ ಊರಿಗೆ ಹೊರಡುತ್ತಾರೆ.

ಉಳಿದವರಿಗೆ ಮರುದಿನ ಬರಹ. ಹನ್ನೊಂದು ಚಿತ್ರ, ಒಂದು ಖಾಲಿ ಪರದೆ, ಒಂದೊಂದಕ್ಕೂ ಒಂದು ಕಥೆ. ಅರವತ್ತು ಪದ, ಒಂದೊಂದಕ್ಕೆ ಹದಿನೈದು ಸೆಕೆಂಡು. ಮೂವತ್ತು ನಿಮಿಷದಲ್ಲಿ ಅರವತ್ತು ಸನ್ನಿವೇಶಗಳಿಗೆ ನಿಮ್ಮ ಪ್ರತಿಕ್ರಿಯೆ. ಕೊನೆಗೆ ಮನೆಯವರು, ಮೇಲಧಿಕಾರಿ, ಸ್ನೇಹಿತರು ನಿಮ್ಮ ಬಗ್ಗೆ ಏನೆನ್ನುತ್ತಾರೆ ಎಂಬ ಆತ್ಮವಿವರಣೆ. ಕೋಚಿಂಗ್ ಕೇಂದ್ರಗಳು ಇದಕ್ಕೆಲ್ಲ ಸಿದ್ಧ ಉತ್ತರ ಮಾರುತ್ತವೆ. ನಾನು ಅದನ್ನು ಖಂಡಿತ ವಿರೋಧಿಸುತ್ತೇನೆ. ಉರು ಹೊಡೆದ ಕಥೆಯಲ್ಲಿ ನಾಯಕ ಯಾವಾಗಲೂ ಸೇನಾಧಿಕಾರಿ, ಯಾವಾಗಲೂ ಭಯೋತ್ಪಾದಕರನ್ನು ಹಿಡಿಯುತ್ತಾನೆ. ಕಥೆಗಳನ್ನೇ ಓದುವ ಕೆಲಸದವರಿಗೆ ಅದು ಎರಡು ಸಾಲಿನಲ್ಲಿ ತಿಳಿದುಹೋಗುತ್ತದೆ. ಸಮಯಕ್ಕೆ ಸರಿಯಾಗಿ ಬರೆಯುವ ರೂಢಿಗಾಗಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿ. ಆತ್ಮವಿವರಣೆಗೆ ಮಾತ್ರ ನಿಜವಾಗಿ ಹೋಗಿ ಕೇಳಿ. ತಾಯಿಯನ್ನು, ಹೆಂಡತಿಯನ್ನು, ಕಚೇರಿಯ ಗೆಳೆಯನನ್ನು ನನ್ನಲ್ಲಿ ಏನು ಕೊರತೆ ಎಂದು ಕೇಳಿ ಬರೆದುಕೊಳ್ಳಿ. ಎಷ್ಟೋ ಜನಕ್ಕೆ ಆ ಮಾತು ಮೊದಲ ಸಲ ಕೇಳಿದ ಹಾಗಿರುತ್ತದೆ.

ಮೈದಾನದ ಎರಡು ದಿನ ಹಲಗೆ, ಹಗ್ಗ, ಪೀಪಾಯಿ ಹಿಡಿದು ಗುಂಪಾಗಿ ಅಡ್ಡಿ ದಾಟುವುದು, ಮೂರು ನಿಮಿಷದಲ್ಲಿ ಒಬ್ಬರೇ ಹತ್ತು ಅಡೆತಡೆಗಳನ್ನು ಎದುರಿಸುವುದು ಇರುತ್ತದೆ. ಕುರ್ಚಿಯಲ್ಲೇ ದುಡಿದ ದೇಹ ಇಲ್ಲಿ ತಕ್ಷಣ ಗೊತ್ತಾಗುತ್ತದೆ. ಆರು ತಿಂಗಳ ಮೊದಲೇ ಓಟ, ದಂಡ, ಹಗ್ಗ ಹತ್ತುವುದು ಶುರುವಾಗಿರಬೇಕು. ಎರಡು ವಾರದ ಆತುರದ ಕಸರತ್ತು ಮಂಡಿ ನೋವಿಗೆ ಮಾತ್ರ ದಾರಿ.

ಇನ್ನು ಸಂದರ್ಶನ. ಅದು ನಡೆಯುವುದು ನೀವೇ ತುಂಬಿಕೊಟ್ಟ ಮಾಹಿತಿ ನಮೂನೆಯ ಮೇಲೆ. ಊರು, ತಂದೆ ತಾಯಿಯ ಓದು, ಆದಾಯ, ಅಂಕಗಳು, ನೌಕರಿ, ಆಟ, ಹವ್ಯಾಸ, ಹಿಂದಿನ ಪ್ರಯತ್ನಗಳು ಎಲ್ಲ ಅದರಲ್ಲಿರುತ್ತವೆ. ಅಲ್ಲಿ ಬರೆದ ಒಂದೊಂದು ಪದವೂ ಒಂದು ಪ್ರಶ್ನೆಗೆ ಆಹ್ವಾನ. ಅಧಿಕಾರಿ ಆರಾಮವಾಗಿ ಕೂರಿಸಿ, ಒಂದೇ ಉಸಿರಿನಲ್ಲಿ ಕೇಳುತ್ತಾರೆ: ಒಂಬತ್ತನೇ ತರಗತಿಯಿಂದ ಪದವಿಯವರೆಗೆ ನಿಮ್ಮ ಅಂಕ ಹೇಳಿ, ಎಲ್ಲಿ ಕಡಿಮೆಯಾಯಿತು, ಯಾಕೆ, ಯಾವ ಮೇಷ್ಟ್ರು ಇಷ್ಟ, ಯಾರು ಇಷ್ಟವಿಲ್ಲ, ಯಾವ ಆಟ ಆಡಿದಿರಿ, ಯಾವ ಜವಾಬ್ದಾರಿ ಹೊತ್ತಿರಿ, ಮೊದಲ ಕೆಲಸ ಹೇಗೆ ಸಿಕ್ಕಿತು, ಬಿಟ್ಟದ್ದು ಯಾಕೆ, ಈಗಿನ ಮೇಲಧಿಕಾರಿಯ ಬಗ್ಗೆ ಏನನಿಸುತ್ತದೆ? ಇಷ್ಟನ್ನೂ ನೆನಪಿಟ್ಟುಕೊಂಡು ಕ್ರಮವಾಗಿ ಹೇಳಬೇಕು. ನಡುವೆ ಒಂದೆರಡು ಮರೆತರೆ ‘ಸರ್, ಆ ಪ್ರಶ್ನೆ ಮರೆತೆ, ಇನ್ನೊಮ್ಮೆ ಹೇಳುತ್ತೀರಾ’ ಎಂದರೆ ಏನೂ ತಪ್ಪಿಲ್ಲ. ಪಿಯುಸಿಯಲ್ಲಿ ಒಂದು ವಿಷಯ ಹೋಗಿತ್ತು ಎಂಬುದನ್ನು ಮುಚ್ಚಿಡಲು ಹೋಗಿ ಸಿಕ್ಕಿಬೀಳುವವರ ಬಗ್ಗೆ ನನಗೆ ನಿಜಕ್ಕೂ ಮರುಕವಿದೆ. ಹೋದದ್ದರಿಂದ ಯಾರೂ ಅವರನ್ನು ತಳ್ಳಿಹಾಕುವುದಿಲ್ಲ. ಹೋದ ಮೇಲೆ ಏನು ಮಾಡಿದಿರಿ ಎಂಬುದೇ ಅವರಿಗೆ ಬೇಕಾದ ಕಥೆ.

ಹವ್ಯಾಸದ ಕಾಲಂನಲ್ಲಿ ‘ಯಕ್ಷಗಾನ’ ಎಂದು ಬರೆದ ಕುಂದಾಪುರದ ಅಭ್ಯರ್ಥಿಯನ್ನು ಕಲ್ಪಿಸಿಕೊಳ್ಳಿ. ಎದುರಿಗಿರುವ ಕರ್ನಲ್ ಪಂಜಾಬಿನವರು. ಏನದು ಎನ್ನುತ್ತಾರೆ. ತೆಂಕುತಿಟ್ಟು, ಬಡಗುತಿಟ್ಟುಗಳ ವ್ಯತ್ಯಾಸವನ್ನು, ಭಾಗವತರು ಏನು ಮಾಡುತ್ತಾರೆ ಎಂಬುದನ್ನು, ರಾತ್ರಿಯಿಡೀ ಆಟ ಯಾಕೆ ನಡೆಯುತ್ತಿತ್ತು ಎಂಬುದನ್ನು ಏನೂ ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ನಾಲ್ಕು ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಲು ಬಂದರೆ ಅದೇ ದೊಡ್ಡ ಉತ್ತರ. ಕೊನೆಗೆ ನೋಡಿದ ಪ್ರಸಂಗ ಯಾವುದು ಎಂದಾಗ ಐದು ವರ್ಷದ ಹಿಂದಿನದು ಎಂದರೆ ಹವ್ಯಾಸ ಕಾಗದದ ಮೇಲಷ್ಟೇ ಇತ್ತು ಎಂದಾಯಿತು. ಮಂಡ್ಯದವರಾದರೆ ಕಾವೇರಿ ಬರದೆ ಇರುವುದಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿಗೆ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು ಎಂಬ ಅಂಕಿ ಗೊತ್ತಿರಲಿ. ಅದಕ್ಕಿಂತ ಮುಖ್ಯವಾಗಿ, ತಂಜಾವೂರಿನ ರೈತನ ವಾದವನ್ನೂ ನ್ಯಾಯವಾಗಿ ಹೇಳಲು ಬರಲಿ. ನಾಳೆ ನಿಮ್ಮ ತುಕಡಿಯಲ್ಲಿ ತಮಿಳು ಜವಾನರೂ ಇರುತ್ತಾರೆ. ಕರ್ನಾಟಕದವರು ಬೆಳಗಾವಿಯ 115ನೇ ಮಹಾರ್ ಬೆಟಾಲಿಯನ್, ಬೆಂಗಳೂರಿನಲ್ಲಿ ನೆಲೆಯಿರುವ 106ನೇ ಪ್ಯಾರಾ ಬೆಟಾಲಿಯನ್ ಬಗ್ಗೆ ತಿಳಿದಿರದಿದ್ದರೆ ಅದೂ ಎದ್ದು ಕಾಣುತ್ತದೆ. 1982ರಿಂದ ಮಸ್ಸೂರಿಯ ಬೋಳು ಗುಡ್ಡಗಳಲ್ಲಿ ಗಿಡ ನೆಟ್ಟು ಕಾಡು ಬೆಳೆಸಿದ ಪರಿಸರ ಬೆಟಾಲಿಯನ್ ಬಗ್ಗೆಯೂ ಓದಿಕೊಂಡಿರಿ. ಈ ಪಡೆಯ ಕೆಲಸ ಬಂದೂಕಿಗಷ್ಟೇ ಸೀಮಿತವಲ್ಲ ಎಂಬುದು ಆಗ ಗೊತ್ತಾಗುತ್ತದೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್ ನೆನೆದು ಹಿಂಜರಿಯುವುದು ನನಗೆ ಹೆಚ್ಚು ನೋವು ಕೊಡುವ ಸಂಗತಿ. ಇಂಗ್ಲಿಷ್ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಉಚ್ಚಾರಕ್ಕೆ ಅಂಕವಿಲ್ಲ. ತಮಿಳು, ಮಣಿಪುರಿ, ಹರಿಯಾಣ್ವಿ ಎಲ್ಲ ಧಾಟಿಯ ಇಂಗ್ಲಿಷನ್ನೂ ಆ ಕೋಣೆಗಳು ದಿನವೂ ಕೇಳುತ್ತವೆ. ದಿನಕ್ಕೊಂದು ಕನ್ನಡ ಪತ್ರಿಕೆಯ ಸುದ್ದಿಯನ್ನು ಮೂರು ನಿಮಿಷ ಗಟ್ಟಿಯಾಗಿ ಇಂಗ್ಲಿಷಿನಲ್ಲಿ ಹೇಳಿ, ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿಕೊಳ್ಳಿ. ಸಣ್ಣ ವಾಕ್ಯ, ಗೊತ್ತಿರುವ ಪದ. ಗುಂಪು ಪರೀಕ್ಷೆಯಲ್ಲಿ ಬರುವ ಮೂರು ನಿಮಿಷದ ಭಾಷಣಕ್ಕೂ ಇದೇ ಅಭ್ಯಾಸ ಒದಗುತ್ತದೆ.

ಕಪಿಲ್ ದೇವ್, ಧೋನಿ, ಮೋಹನ್‌ಲಾಲ್ ಅವರ ಲೆಫ್ಟಿನೆಂಟ್ ಕರ್ನಲ್ ಪದವಿ ನೋಡಿ ಟೆರಿಟೋರಿಯಲ್ ಆರ್ಮಿ ಎಂದರೆ ಖ್ಯಾತನಾಮರಿಗೆ ಸಿಗುವ ಗೌರವ ಮಾತ್ರ ಎಂದುಕೊಂಡವರೂ ಇದ್ದಾರೆ. ಅವು ಗೌರವ ಪದವಿಗಳು. ಆದರೆ ಸಚಿನ್ ಪೈಲಟ್ 2012ರಲ್ಲಿ, ಕೇಂದ್ರ ಸಚಿವರಾಗಿದ್ದಾಗಲೇ, ಅನುರಾಗ್ ಠಾಕೂರ್ 2016ರಲ್ಲಿ, ಆಯ್ಕೆಯ ಹಂತಗಳನ್ನು ದಾಟಿಯೇ ಲೆಫ್ಟಿನೆಂಟ್ ಆದರು. ಹೆಣ್ಣುಮಕ್ಕಳಿಗೆ ಈ ಬಾಗಿಲು ಪೂರ್ತಿ ತೆರೆದದ್ದು ತಡವಾಗಿ. 2018ರ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅವರನ್ನು ಹೊರಗಿಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಅವರಿಗೆ ಸಿಗುವ ಸ್ಥಾನಗಳು ಇನ್ನೂ ತೀರ ಕಡಿಮೆ. ಅದು ಬದಲಾಗಲೇಬೇಕು.

ಎಸ್‌ಎಸ್‌ಬಿಯ ಐದನೆಯ ದಿನ ಕಾನ್ಫರೆನ್ಸ್. ಎಲ್ಲ ಪರೀಕ್ಷಕರೂ ಸಮವಸ್ತ್ರದಲ್ಲಿ ಕೂತಿರುವ ಕೋಣೆಗೆ ಒಬ್ಬೊಬ್ಬರನ್ನೇ ಕರೆದು ಊಟ, ವಸತಿ ಹೇಗಿತ್ತು ಎಂದು ಕೇಳಿ ಕಳಿಸುತ್ತಾರೆ. ತೀರ್ಮಾನಕ್ಕೆ ಸ್ವಲ್ಪ ಅನುಮಾನವಿದ್ದವರ ಮುಂದೆ ಇನ್ನೂ ಒಂದೆರಡು ಸನ್ನಿವೇಶ ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಎದೆಯ ನಂಬರು ಓದಿ ಹೇಳುತ್ತಾರೆ. ನಂಬರು ಬಂದವರಿಗೆ ಸೇನಾ ಆಸ್ಪತ್ರೆಯಲ್ಲಿ ಕಣ್ಣು, ಕಿವಿ, ಮೂಳೆ, ರಕ್ತದ ತಪಾಸಣೆ. ಸಣ್ಣ ದೋಷವಿದ್ದರೆ ಮೇಲ್ಮನವಿಗೆ ಅವಕಾಶವಿದೆ. ಆದರೂ ಹಲ್ಲು, ತೂಕ, ಕಿವಿಯ ಗುಗ್ಗೆಯಂಥ ಸರಿಪಡಿಸಬಹುದಾದದ್ದನ್ನು ಊರಿನಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ. ನಂಬರು ಬಾರದವರು ಇನ್ನೊಂದು ಅಧಿಸೂಚನೆಗೆ ಕಾಯಬಹುದು, ಪ್ರಯತ್ನಗಳಿಗಿಂತ ಇಲ್ಲಿ 42ರ ವಯೋಮಿತಿಯೇ ದೊಡ್ಡ ಗಡುವು. ಮುಂದಿನ ಸಲ ನಮೂನೆ ತುಂಬುವಾಗ ಹಿಂದಿನ ಪ್ರಯತ್ನದ ಕಾಲಂ ಖಾಲಿ ಬಿಡಬೇಡಿ, ಆಮೇಲೆ ಏನು ಬದಲಾಯಿಸಿಕೊಂಡಿರಿ ಎಂದು ಅಧಿಕಾರಿ ಕೇಳಿಯೇ ಕೇಳುತ್ತಾರೆ.